ಕರಿದ ಮಿರ್ಚಿ, ಮಿರ್ಚಿ ಕರಿದ ಎಣ್ಣೆ: ಮಕ್ಕಳಿಗೆ ಪಾರ್ಟಿಸಿಪಲ್ ಫ್ರೇಸ್ ಹೇಳಿಕೊಡುವುದು ಹೇಗೆ?

ಸಿಂಧನೂರು ಸೀಮೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ. ಮಕ್ಕಳು ಇಂಗ್ಲಿಷಿನಲ್ಲಿ ಸಣ್ಣ ವಾಕ್ಯಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ, ಆದರೆ ಎಲ್ಲ ವಾಕ್ಯವೂ ಒಂದೇ ಅಳತೆ. ಇಟಗಿಯ ಮಹಾದೇವ ದೇವಾಲಯದ ಮೇಲೆ ಒಂದು ಪ್ಯಾರಾ ಬರೆಯಿರಿ ಎಂದರೆ ಬರುವುದು ಹೀಗೆ (ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಹಾಕುತ್ತಿದ್ದೇನೆ):

ದ ಟೆಂಪಲ್ ಈಸ್ ಇನ್ ಇಟಗಿ. ಇಟ್ ವಾಸ್ ಬಿಲ್ಟ್ ಇನ್ 1112. ಮಹಾದೇವ ಬಿಲ್ಟ್ ಇಟ್. ಹಿ ವಾಸ್ ಎ ಕಮಾಂಡರ್ ಆಫ್ ವಿಕ್ರಮಾದಿತ್ಯ ದ ಸಿಕ್ಸ್ತ್. ಇಟ್ ಈಸ್ ಮೇಡ್ ಆಫ್ ಸೋಪ್‌ಸ್ಟೋನ್.

ಇವನ್ನು ಜೋಡಿಸಲು ಪಾರ್ಟಿಸಿಪಲ್ ಫ್ರೇಸ್ (ಕ್ರಿಯಾಪದದ ಇಂಗ್ ರೂಪದಿಂದ ಅಥವಾ "ಬಿಲ್ಟ್"ನಂಥ ಮೂರನೇ ರೂಪದಿಂದ ಶುರುವಾಗುವ ಪದಗುಚ್ಛ) ಹೇಳಿಕೊಟ್ಟ ಮೇಲೆ ವಾಕ್ಯಗಳು ಉದ್ದವಾದವು, ಆದರೆ ಹೊಸ ತಪ್ಪುಗಳು ಬಂದವು:

ಬಿಲ್ಡಿಂಗ್ ಇನ್ 1112, ದ ಟೆಂಪಲ್ ಈಸ್ ಇನ್ ಇಟಗಿ.
ವಾಕಿಂಗ್ ಟು ಸ್ಕೂಲ್, ದ ರೇನ್ ಕೇಮ್.
ದ ಕಮ್ ಬಾಯ್ ಈಸ್ ಮೈ ಬ್ರದರ್.
ರನ್ನಿಂಗ್ ಟು ಕ್ಯಾಚ್ ದ ಬಸ್. (ಇಲ್ಲಿಗೇ ಫುಲ್‌ಸ್ಟಾಪ್.)

ಕೆಂಪು ಗೆರೆ ಎಳೆದು ಸರಿಯಾದದ್ದನ್ನು ಮೇಲೆ ಬರೆದುಕೊಟ್ಟರೆ ಮುಂದಿನ ವಾರ ಅದೇ ತಪ್ಪು ಮತ್ತೆ ಬರುತ್ತದೆ. ಯಾಕೆ ತಪ್ಪು ಎಂದು ಮಕ್ಕಳಿಗೆ ಕನ್ನಡದಲ್ಲೇ ಮನದಟ್ಟು ಮಾಡಿಸುವ ದಾರಿ ಬೇಕು. ಗ್ರಾಮರ್ ಪುಸ್ತಕದ ವ್ಯಾಖ್ಯೆ ಬೇಡ, ಅದು ಎಲ್ಲರಿಗೂ ಬಾಯಿಪಾಠ ಇದೆ.


ಗವಿಮಠ ರಸ್ತೆ, ಕೊಪ್ಪಳ

ಸರ್, ನಿಮ್ಮ ಮಕ್ಕಳಿಗೆ ಈ ಪಾಠದ ಅರ್ಧ ಭಾಗ ಆಗಲೇ ಗೊತ್ತಿದೆ. ಕನ್ನಡ ವ್ಯಾಕರಣದ ಪೀರಿಯಡ್‌ನಲ್ಲಿ ಕೃದಂತ ಓದಿರುತ್ತಾರೆ: ನೋಡಿದ, ನೋಡುವ ಎಂಬುವು ಕೃದಂತನಾಮ, ನೋಡಿ, ನೋಡುತ್ತಾ ಎಂಬುವು ಕೃದಂತಾವ್ಯಯ. ಪಾರ್ಟಿಸಿಪಲ್ ಮಾಡುವ ಕೆಲಸವೂ ಇದೇ. ತೊಂದರೆ ಏನೆಂದರೆ, ನಮ್ಮ ಕೃದಂತಕ್ಕೆ ಇರುವಷ್ಟು ಸಡಿಲು ಇಂಗ್ಲಿಷಿನದಕ್ಕೆ ಇಲ್ಲ. ಎಲ್ಲಿ ಸಡಿಲು, ಎಲ್ಲಿ ಬಿಗಿ ಅನ್ನುವುದನ್ನು ತೋರಿಸಿದರೆ ನಿಮ್ಮ ಪಟ್ಟಿಯ ಮೊದಲನೆಯ ಮತ್ತು ಮೂರನೆಯ ತಪ್ಪು ಹೋಗುತ್ತವೆ.

ಬೋರ್ಡಿನ ಮೇಲೆ ಈ ನಾಲ್ಕನ್ನು ಬರೆಯಿರಿ:

ಎಣ್ಣೆಯಲ್ಲಿ ಕರಿದ ಮಿರ್ಚಿ
ಮಿರ್ಚಿ ಕರಿದ ಅಜ್ಜ
ಮಿರ್ಚಿ ಕರಿದ ಎಣ್ಣೆ
ಮಿರ್ಚಿ ಕರಿದ ದಿನ

ನಾಲ್ಕರಲ್ಲೂ ಇರುವುದು "ಕರಿದ" ಒಂದೇ. ಕರಿಸಿಕೊಂಡ ವಸ್ತುವಿಗೂ ಅದೇ, ಕರಿದವನಿಗೂ ಅದೇ, ಎಣ್ಣೆಗೂ ದಿನಕ್ಕೂ ಅದೇ. ಅರ್ಥವನ್ನು ನಾವು ಪಕ್ಕದ ನಾಮಪದದಿಂದ ಹಿಡಿಯುತ್ತೇವೆ. ಇಂಗ್ಲಿಷಿನ "ಫ್ರೈಡ್" ಹೀಗಲ್ಲ. ಅದು ಕರಿಸಿಕೊಂಡದ್ದಕ್ಕೆ ಮಾತ್ರ ಅಂಟುತ್ತದೆ. ಫ್ರೈಡ್ ಮಿರ್ಚಿ ಸರಿ. ಫ್ರೈಡ್ ಅಜ್ಜ ಎಂದರೆ ಅಜ್ಜನನ್ನೇ ಬಾಂಡ್ಲಿಗೆ ಹಾಕಿದ ಹಾಗೆ. ಅಜ್ಜನಿಗೆ "ಹೂ ಫ್ರೈಡ್" ಬೇಕು, ಈಗ ಕರಿಯುತ್ತಾ ಕೂತಿದ್ದರೆ "ಫ್ರೈಯಿಂಗ್" ಆಗುತ್ತದೆ. ಎಣ್ಣೆಗೆ "ದ ಆಯಿಲ್ ಯೂಸ್ಡ್ ಫಾರ್ ಫ್ರೈಯಿಂಗ್ ಮಿರ್ಚಿ". ದಿನಕ್ಕೆ "ದ ಡೇ ದೇ ಫ್ರೈಡ್ ಮಿರ್ಚಿ". ಒಂದು ಕನ್ನಡ ರೂಪಕ್ಕೆ ನಾಲ್ಕು ಇಂಗ್ಲಿಷ್ ರೂಪ. ಇದನ್ನು ಮಕ್ಕಳು ಒಮ್ಮೆ ಕಣ್ಣಾರೆ ನೋಡಬೇಕು.

ಇಲ್ಲಿಂದ ಗುಡಿಗೆ ಬನ್ನಿ. "ಮಹಾದೇವ ಕಟ್ಟಿದ ಗುಡಿ", "ಗುಡಿ ಕಟ್ಟಿದ ಮಹಾದೇವ": ಎರಡಕ್ಕೂ ಕನ್ನಡದಲ್ಲಿ "ಕಟ್ಟಿದ". ಗುಡಿ ತಾನೇ ಏನನ್ನೂ ಕಟ್ಟಲಿಲ್ಲ, ಅದನ್ನು ಕಟ್ಟಲಾಯಿತು. ಆದ್ದರಿಂದ "ಬಿಲ್ಟ್ ಇನ್ 1112, ದ ಟೆಂಪಲ್..." ಆಗಬೇಕು. ಇಂಗ್ ರೂಪ ಮಾಡುವವರಿಗೆ, ವಿ-ತ್ರೀ (ಕ್ರಿಯಾಪದದ ಮೂರನೇ ರೂಪ) ಮಾಡಿಸಿಕೊಂಡದ್ದಕ್ಕೆ. ಪ್ರೆಸೆಂಟ್, ಪಾಸ್ಟ್ ಎಂಬ ಹೆಸರುಗಳು ಇಲ್ಲಿ ದಾರಿ ತಪ್ಪಿಸುತ್ತವೆ. 1112 ಹಳೆಯ ಕಾಲ ಎಂಬ ಕಾರಣಕ್ಕೆ "ಬಿಲ್ಟ್" ಬಂದದ್ದಲ್ಲ. ಮುಂದಿನ ವರ್ಷ ಕಟ್ಟುವ ಶಾಲೆಯನ್ನೂ "ಎ ಸ್ಕೂಲ್ ಬಿಲ್ಟ್ ವಿತ್ ಲೋಕಲ್ ಸ್ಟೋನ್ ವಿಲ್ ಸ್ಟೇ ಕೂಲ್" ಎಂದೇ ಬರೆಯುತ್ತೇವೆ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಹೇಳಿದರೆ ಮಕ್ಕಳಿಗೆ ಬೇಗ ಹತ್ತುತ್ತದೆ.

ಪರೀಕ್ಷೆ ಮಾಡುವ ಉಪಾಯ: ನಾಮಪದಕ್ಕೂ ಪಾರ್ಟಿಸಿಪಲ್‌ಗೂ ನಡುವೆ "ವಾಸ್" ಇಟ್ಟು ಓದಿಸಿ. ದ ಟೆಂಪಲ್ ವಾಸ್ ಬಿಲ್ಟ್, ಕಿವಿಗೆ ಸರಿ. ದ ಟೆಂಪಲ್ ವಾಸ್ ಬಿಲ್ಡಿಂಗ್, ತಪ್ಪು. ದ ಆಯಿಲ್ ವಾಸ್ ಫ್ರೈಡ್, ತಪ್ಪು. ದ ಬಾಯ್ ವಾಸ್ ಕಮ್, ತಪ್ಪು. ಹಾಗಾಗಿ "ಕಮ್ ಬಾಯ್" ಕೂಡ ತಪ್ಪು, "ದ ಬಾಯ್ ಹೂ ಕೇಮ್" ಎನ್ನಬೇಕು. ಬರು, ಹೋಗು, ನಡೆ ಮುಂತಾದ ಅಕರ್ಮಕ ಕ್ರಿಯಾಪದಗಳ ವಿ-ತ್ರೀಯನ್ನು ಸಾಮಾನ್ಯವಾಗಿ ನಾಮಪದದ ಮುಂದೆ ಇಡಲು ಬರುವುದಿಲ್ಲ. ನಮ್ಮ ಕಡೆ ಎಲ್ಲರ ಕಾಪಿಯಲ್ಲೂ ಸಿಗುವ "ದ ಹ್ಯಾಪನ್ಡ್ ಇನ್ಸಿಡೆಂಟ್" ಈ ಜಾತಿಯದೇ. "ನಡೆದ ಘಟನೆ"ಯ ಪದಕ್ಕೆ ಪದ ಅನುವಾದ ಅದು. "ದ ಇನ್ಸಿಡೆಂಟ್ ದಟ್ ಹ್ಯಾಪನ್ಡ್" ಸರಿ.

ಈ ನಿಯಮಕ್ಕೆ ಹೊರತಾದವು ಕೆಲವು ಇವೆ, ಅವನ್ನು ಹಾಗೇ ನೆನಪಿಡಿಸಬೇಕು: ಎ ಫಾಲನ್ ಟ್ರೀ, ಎ ರಿಟೈರ್ಡ್ ಟೀಚರ್, ಆನ್ ಎಸ್ಕೇಪ್ಡ್ ಪ್ರಿಸನರ್. ಹಾಗೆಯೇ ಕನ್ನಡದಲ್ಲಿ "ದ" ಬಂದರೂ ಇಂಗ್ಲಿಷಿನಲ್ಲಿ ಇಂಗ್ ಬೇಡುವ ಎರಡು ಪದ ದಿನಾ ಬೇಕಾಗುತ್ತವೆ. ಉಳಿದ ಹಣ ಎಂದರೆ "ರಿಮೇನಿಂಗ್ ಮನಿ", "ರಿಮೇನ್ಡ್ ಮನಿ" ಅಲ್ಲ. ಕಾಣೆಯಾದ ಮಗು "ಮಿಸ್ಸಿಂಗ್ ಚೈಲ್ಡ್", "ಮಿಸ್ಡ್ ಚೈಲ್ಡ್" ಅಲ್ಲ.

ಇನ್ನೊಂದು ಅನುಕೂಲದ ಗುರುತು ಇದೆ. ನಿರ್ಮಾಣವಾದ, ಪತ್ತೆಯಾದ, ನಾಶವಾದ ಎಂದು "ಆದ" ಸೇರಿದ ಪದ ಬಂದರೆ ಮೊದಲು ವಿ-ತ್ರೀ ಇಟ್ಟು ನೋಡಲು ಹೇಳಿ. 1915ರಲ್ಲಿ ಪತ್ತೆಯಾದ ಮಸ್ಕಿ ಶಾಸನ: ಡಿಸ್ಕವರ್ಡ್ ಇನ್ 1915, ದ ಮಸ್ಕಿ ಈಡಿಕ್ಟ್ ಮೆನ್ಷನ್ಸ್ ಅಶೋಕ ಬೈ ನೇಮ್. ರಾಯಚೂರು ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.


ಬಳ್ಳಾರಿ ಬಿಸಿಲು

ಕೊಪ್ಪಳದವರು ಬರೆದದ್ದು ಸರಿಯಾಗಿದೆ, ಅದನ್ನು ಮತ್ತೆ ಹೇಳುವುದಿಲ್ಲ. ಮಳೆಯ ವಾಕ್ಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡ ತಪ್ಪು, ಯಾಕೆಂದರೆ ಪದವಿ ಮುಗಿಸಿದವರ ಅರ್ಜಿಗಳಲ್ಲೂ ಇದು ಸಿಗುತ್ತದೆ.

ಹುಡುಗನ ಮನಸ್ಸಿನಲ್ಲಿ ಇದ್ದ ಕನ್ನಡ ವಾಕ್ಯ "ಶಾಲೆಗೆ ಹೋಗುವಾಗ ಮಳೆ ಬಂತು". ಈ "ಹೋಗುವಾಗ"ಕ್ಕೆ ಅವನು "ವಾಕಿಂಗ್" ಎಂದು ಇಟ್ಟ. ಕನ್ನಡದ "ಉವಾಗ"ದಲ್ಲಿ ಕಾಲ ಅಡಗಿದೆ, ಕರ್ತೃ ಯಾರೇ ಇರಲಿ ನಡೆಯುತ್ತದೆ. ಇಂಗ್ಲಿಷಿನ ಇಂಗ್ ರೂಪಕ್ಕೆ ನಮ್ಮಲ್ಲಿ ನಿಜವಾದ ಜೋಡಿ "ಉತ್ತಾ". ಈಗ ಅದೇ ಮಗುವಿಗೆ ಈ ವಾಕ್ಯ ಓದಿಸಿ: "ಶಾಲೆಗೆ ಹೋಗುತ್ತಾ ಮಳೆ ಬಂತು." ಕನ್ನಡದಲ್ಲೇ ಅದು ಕಿವಿಗೆ ಚುಚ್ಚುತ್ತದೆ, ಮಳೆಯೇ ಶಾಲೆಗೆ ಹೋಗುತ್ತಿದ್ದ ಹಾಗೆ ಕೇಳುತ್ತದೆ. "ವಾಕಿಂಗ್ ಟು ಸ್ಕೂಲ್, ದ ರೇನ್ ಕೇಮ್" ಓದುವ ಇಂಗ್ಲಿಷಿನವರಿಗೆ ಆಗುವುದೂ ಅದೇ.

ಹಾಗಾಗಿ ಬರೆಯುವ ಮೊದಲು ಕನ್ನಡದಲ್ಲಿ "ಉತ್ತಾ" ಹಾಕಿ ಹೇಳಿಕೊಳ್ಳಲಿ. ಹೊಂದಿದರೆ ಇಂಗ್ ಬರೆಯಬಹುದು: ವಾಕಿಂಗ್ ಟು ಸ್ಕೂಲ್, ವಿ ಸ್ಯಾಂಗ್. ಹೊಂದದಿದ್ದರೆ ಕರ್ತೃವನ್ನು ಬಾಯಿಬಿಟ್ಟು ಹೇಳಬೇಕು: ವೆನ್ ಐ ವಾಸ್ ವಾಕಿಂಗ್ ಟು ಸ್ಕೂಲ್, ಇಟ್ ಬಿಗ್ಯಾನ್ ಟು ರೇನ್. ಮುಂದೆ ಬರೀ "ವೈಲ್" ಸೇರಿಸಿದರೆ ಸರಿಹೋಯಿತು ಎಂದು ಕೆಲವರು ಹೇಳಿಕೊಡುತ್ತಾರೆ, ಹೋಗುವುದಿಲ್ಲ. "ವೈಲ್ ವಾಕಿಂಗ್ ಟು ಸ್ಕೂಲ್, ದ ರೇನ್ ಕೇಮ್" ಎಂಬುದರಲ್ಲೂ ನಡೆಯುತ್ತಿರುವುದು ಮಳೆಯೇ.

ಬರೆದಾದ ಮೇಲೆ ಒಂದು ಪ್ರಶ್ನೆ ಸಾಕು: "ಯಾರು?" ಅಥವಾ "ಯಾವುದು?" ಕಾಮಾ ಆದ ತಕ್ಷಣ ಬರುವ ನಾಮಪದ ಆ ಪ್ರಶ್ನೆಗೆ ಉತ್ತರ ಆಗಿರಬೇಕು. ಕಾಪಿಯಲ್ಲಿ ಕಾಮಾದ ಮುಂದಿನ ನಾಮಪದಕ್ಕೆ ಸುತ್ತು ಹಾಕಿಸಿ, ಅಲ್ಲಿಂದ ಪಾರ್ಟಿಸಿಪಲ್‌ಗೆ ಬಾಣ ಎಳೆಸಿ. ಬಾಣ ಸುಳ್ಳು ಹೇಳಿದರೆ ಮಗುವಿಗೆ ತಾನಾಗೇ ಕಾಣುತ್ತದೆ.

"ಇ", "ದು" ಕೊನೆಗೆ ಬರುವ ರೂಪಗಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. "ಮಳೆ ಬಂದು ಕೆರೆ ತುಂಬಿತು": ಬಂದದ್ದು ಮಳೆ, ತುಂಬಿದ್ದು ಕೆರೆ. ಕಾರಣ ಮತ್ತು ಪರಿಣಾಮದ ಸಂಬಂಧ ಇದ್ದರೆ ಕನ್ನಡ ಎರಡು ಕರ್ತೃಗಳನ್ನು ಒಪ್ಪಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಎರಡನೇ ಕರ್ತೃವನ್ನು ಬಿಡುವಂತಿಲ್ಲ. ತುಂಗಭದ್ರಾ ಅಣೆಕಟ್ಟಿನದೇ ತಗೊಳ್ರಿ. 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋಯಿತು. ಇದನ್ನು "ಸ್ನ್ಯಾಪಿಂಗ್, ದ ಗೇಟ್ ವಾಸ್ ಸ್ವೆಪ್ಟ್ ಅವೇ" ಎಂದರೆ ತುಂಡಾದದ್ದು ಗೇಟು ಎಂದಾಗುತ್ತದೆ. ಚೈನನ್ನು ಒಳಗೇ ಇಡಬೇಕು: ದ ಚೈನ್ ಹ್ಯಾವಿಂಗ್ ಸ್ನ್ಯಾಪ್ಡ್, ದ ಗೇಟ್ ವಾಸ್ ಸ್ವೆಪ್ಟ್ ಅವೇ. ಇದು ಒಪ್ಪಿತ ರಚನೆ, ಆದರೆ ಸ್ವಲ್ಪ ಗಂಭೀರ ಬರವಣಿಗೆಯದು. ಒಂಬತ್ತನೇ ತರಗತಿಗೆ "ವೆನ್ ದ ಚೈನ್ ಸ್ನ್ಯಾಪ್ಡ್" ಸಾಕು.

ರಜೆ ಅರ್ಜಿಗಳಲ್ಲಿ ಬರುವ "ಬೀಯಿಂಗ್ ಸಂಡೇ, ದ ಆಫೀಸ್ ವಾಸ್ ಕ್ಲೋಸ್ಡ್" ಕೂಡ ಇದೇ ರೋಗ. ಆಫೀಸು ಭಾನುವಾರ ಅಲ್ಲವಲ್ಲ. "ಇಟ್ ಬೀಯಿಂಗ್ ಸಂಡೇ" ಅಥವಾ "ಆ್ಯಸ್ ಇಟ್ ವಾಸ್ ಸಂಡೇ" ಬರೆಯಬೇಕು.

ಕ್ರಮದ ವಿಷಯ. ನಾವು "ಎದ್ದು, ಮುಖ ತೊಳೆದು, ಚಾ ಕುಡಿದು, ಬಸ್ ಹತ್ತಿದ" ಎಂದು ಮಾಲೆ ಕಟ್ಟುತ್ತೇವೆ, ಕನ್ನಡಕ್ಕೆ ಅದು ಸಹಜ. "ಗೆಟಿಂಗ್ ಅಪ್, ವಾಷಿಂಗ್, ಡ್ರಿಂಕಿಂಗ್ ಟೀ, ಹಿ ಗಾಟ್ ಆನ್ ದ ಬಸ್" ಎಂದರೆ ಎಲ್ಲವನ್ನೂ ಬಸ್ಸಿನ ಮೆಟ್ಟಿಲ ಮೇಲೆ ಒಟ್ಟಿಗೆ ಮಾಡಿದಂತೆ ಕೇಳುತ್ತದೆ. ಒಂದನ್ನು ಮಾತ್ರ ಫ್ರೇಸ್ ಮಾಡಿ, ಉಳಿದವನ್ನು ಪೂರ್ಣ ಕ್ರಿಯಾಪದ ಮಾಡಿ: ಹಿ ಗಾಟ್ ಅಪ್, ವಾಷ್ಡ್ ಆ್ಯಂಡ್, ಹ್ಯಾವಿಂಗ್ ಫಿನಿಷ್ಡ್ ಹಿಸ್ ಟೀ, ಕಾಟ್ ದ ಬಸ್. ಮೊದಲ ಕೆಲಸ ಪೂರ್ತಿ ಮುಗಿದ ಮೇಲೆ ಎರಡನೆಯದು ಶುರುವಾದರೆ "ಹ್ಯಾವಿಂಗ್" ಬೇಕು. "ಓಪನಿಂಗ್ ದ ಡೋರ್, ಹಿ ವೆಂಟ್ ಇನ್" ಎಂಬಂತೆ ಒಂದರ ಬೆನ್ನಿಗೇ ಇನ್ನೊಂದು ಆಗುವ ಸಣ್ಣ ಕೆಲಸಕ್ಕೆ ಬರೀ ಇಂಗ್ ನಡೆಯುತ್ತದೆ.

"ದಾರಿ ತಿಳಿಯದೆ" ಎಂಬಂಥವಕ್ಕೆ "ನಾಟ್" ಮೊದಲು: ನಾಟ್ ನೋಯಿಂಗ್ ದ ವೇ. "ನೋಯಿಂಗ್ ನಾಟ್" ಅಲ್ಲ.


ಮಾನ್ವಿ ಮೇಡಂ

ಸರ, ಒಂದು ಸಂಶಯ ಐತ್ರಿ. "ಬಹುಮಾನ ಗೆದ್ದ ಹುಡುಗಿ ನಮ್ಮ ಶಾಲೆಯವಳು" ಅನ್ನೂದಕ್ಕ "ದ ಗರ್ಲ್ ವಿನ್ನಿಂಗ್ ದ ಪ್ರೈಜ್ ಈಸ್ ಫ್ರಮ್ ಅವರ್ ಸ್ಕೂಲ್" ಅಂತ ಬರದ್ರ ನಡೀತದೋ ಇಲ್ಲೋ? ಗೆದ್ದಾಕಿ ಹುಡುಗೀನ, ಅಂದ್ರ ಮಾಡಿದವಳು. ಹಂಗಾದ್ರ ಇಂಗ್ ಬರಬೇಕಲ್ಲ? ಮತ್ತ ಕಾಮಾ ಎಲ್ಲಿ ಹಾಕಬೇಕು, ಎಲ್ಲಿ ಬ್ಯಾಡ, ಅದನ್ನೂ ಸ್ವಲ್ಪ ಬಿಡಿಸಿ ಹೇಳ್ರಿ.


ಗವಿಮಠ ರಸ್ತೆ, ಕೊಪ್ಪಳ

ಮೇಡಂ, ನಡೆಯುವುದಿಲ್ಲ. ನಾಮಪದಕ್ಕೆ ಅಂಟಿಕೊಂಡು "ಯಾವ ಹುಡುಗಿ" ಎಂದು ಗುರುತಿಸುವ ಜಾಗದಲ್ಲಿ ಇಂಗ್ ರೂಪ ನಡೆಯುತ್ತಿರುವ ಕೆಲಸಕ್ಕೆ ಅಥವಾ ಯಾವಾಗಲೂ ಇರುವ ಸ್ಥಿತಿಗೆ ಮಾತ್ರ. "ದ ಗರ್ಲ್ ಸಿಟಿಂಗ್ ಬೈ ದ ವಿಂಡೋ", "ಫ್ಯಾಮಿಲೀಸ್ ಲಿವಿಂಗ್ ಇನ್ ಮಸ್ಕಿ" ಸರಿ. ಬಹುಮಾನ ಗೆದ್ದದ್ದು ಒಮ್ಮೆ ಆಗಿ ಮುಗಿದ ಕೆಲಸ, ಅದಕ್ಕೆ "ಹೂ ವನ್" ಬಿಟ್ಟರೆ ಬೇರೆ ದಾರಿ ಇಲ್ಲ. ಕನ್ನಡದ ಕಡೆಯಿಂದ ಹೀಗೆ ಹಿಡಿಯಬಹುದು: ಮಾಡುವವರಿಗೆ "ಕೂತಿರುವ", "ವಾಸಿಸುವ" ಎಂದು "ಉವ" ಬಂದರೆ ಇಂಗ್. "ಗೆದ್ದ", "ಬಂದ", "ಬರೆದ" ಎಂದು ಭೂತಕಾಲ ಬಂದರೆ "ಹೂ".

ಇನ್ನು ಕಾಮಾ. ಫ್ರೇಸನ್ನು ಬೆರಳಿನಿಂದ ಮುಚ್ಚಿ ಓದಿ. ಯಾರ ಬಗ್ಗೆ ಮಾತು ಎಂಬುದು ಆಗಲೂ ಗೊತ್ತಾಗುತ್ತಿದ್ದರೆ ಕಾಮಾ ಹಾಕಬೇಕು, ಗೊತ್ತಾಗದಿದ್ದರೆ ಹಾಕಬಾರದು. "ಫಾರ್ಮರ್ಸ್ ಗ್ರೋಯಿಂಗ್ ಪ್ಯಾಡಿ ನೀಡ್ ಕೆನಾಲ್ ವಾಟರ್": ಮುಚ್ಚಿದರೆ ಎಲ್ಲ ರೈತರೂ ಎಂದಾಗುತ್ತದೆ, ಅರ್ಥವೇ ಬದಲು. ಕಾಮಾ ಬೇಡ. "ದ ಮಸ್ಕಿ ಈಡಿಕ್ಟ್, ಡಿಸ್ಕವರ್ಡ್ ಇನ್ 1915, ಮೆನ್ಷನ್ಸ್ ಅಶೋಕ": ಮುಚ್ಚಿದರೂ ಮಸ್ಕಿ ಶಾಸನ ಮಸ್ಕಿ ಶಾಸನವೇ. ಎರಡೂ ಕಡೆ ಕಾಮಾ ಬೇಕು, ಎರಡನೆಯದನ್ನು ಮಕ್ಕಳು ಮರೆಯುತ್ತಾರೆ. ವಾಕ್ಯದ ಆರಂಭದಲ್ಲಿ ಬಂದ ಫ್ರೇಸ್ ಆದ ಮೇಲೆ ಕಾಮಾ ಯಾವಾಗಲೂ ಇರಲಿ.

ವಾಕ್ಯದ ಕೊನೆಯಲ್ಲಿ ಕಾಮಾ ಬಿಟ್ಟರೆ ಅರ್ಥ ಹತ್ತಿರದ ನಾಮಪದಕ್ಕೆ ಹೋಗಿ ಕೂರುತ್ತದೆ. "ಐ ಸಾ ಎ ಬಫಲೋ ರೈಡಿಂಗ್ ಮೈ ಬೈಕ್" ಎಂದರೆ ಬೈಕ್ ಓಡಿಸುತ್ತಿರುವುದು ಎಮ್ಮೆ. "ರೈಡಿಂಗ್ ಮೈ ಬೈಕ್, ಐ ಸಾ ಎ ಬಫಲೋ" ಎಂದು ಮುಂದಕ್ಕೆ ತರಬೇಕು.

ಕೊನೆಗೆ ಬರುವ ಇಂಗ್‌ಗೆ ಒಂದು ಒಳ್ಳೆಯ ಉಪಯೋಗ ಇದೆ, ಇದನ್ನು ಕಲಿಸಿದರೆ ಮಕ್ಕಳ ಬರವಣಿಗೆ ಒಮ್ಮೆಲೇ ಬೆಳೆದಂತೆ ಕಾಣುತ್ತದೆ. ಕನ್ನಡದಲ್ಲಿ ಎರಡನೇ ವಾಕ್ಯ "ಇದರಿಂದ" ಎಂದು ಶುರುವಾಗುತ್ತಿದ್ದರೆ ಅದನ್ನು ಇಂಗ್ ಮಾಡಿ ಮೊದಲ ವಾಕ್ಯದ ಬಾಲಕ್ಕೆ ಸೇರಿಸಬಹುದು. ಕಾಲುವೆ ಒಡೆಯಿತು, ಇದರಿಂದ ಹೊಲಗಳಿಗೆ ನೀರು ನುಗ್ಗಿತು: ದ ಕೆನಾಲ್ ಬ್ರೀಚ್ಡ್, ಫ್ಲಡಿಂಗ್ ದ ಫೀಲ್ಡ್ಸ್. ಇಲ್ಲಿ ಇಂಗ್ ಇಡೀ ಘಟನೆಗೆ ಸೇರಿದ್ದು, ಕಾಮಾ ಕಡ್ಡಾಯ.

"ರನ್ನಿಂಗ್ ಟು ಕ್ಯಾಚ್ ದ ಬಸ್" ಎಂದು ನಿಲ್ಲಿಸುವ ಮಗುವಿಗೆ "ಬಸ್ ಹಿಡಿಯಲು ಓಡುತ್ತಾ" ಎಂದು ಹೇಳಿ ಸುಮ್ಮನಾಗಿ. "ಓಡುತ್ತಾ ಏನಾತ್ರಿ?" ಎಂದು ಕ್ಲಾಸೇ ಕೇಳುತ್ತದೆ. ಉತ್ತರ ಅಲ್ಲೇ ಸಿಕ್ಕಿತು.


ಬಳ್ಳಾರಿ ಬಿಸಿಲು

ತರಗತಿಯಲ್ಲಿ ಮಾಡಿಸುವ ವಿಧಾನ ಹೇಳುತ್ತೇನೆ. ಮೊದಲು ಐದಾರು ಸಣ್ಣ ವಾಕ್ಯಗಳಲ್ಲಿ ಯಾವುದು ಮುಖ್ಯ ಎಂದು ಆರಿಸಿ ಅದಕ್ಕೆ ಅಡಿಗೆರೆ. ಆ ವಾಕ್ಯವನ್ನು ಮುಟ್ಟಬಾರದು. ಉಳಿದವನ್ನು ಕಾಗದದ ಚೀಟಿಗಳ ಮೇಲೆ ಬರೆಸಿ. ಪ್ರತಿ ಚೀಟಿಯಿಂದ ಕರ್ತೃ ಮತ್ತು "ವಾಸ್", "ಈಸ್" ಹೊಡೆದುಹಾಕಿಸಿ. "ಇಟ್ ವಾಸ್ ಬಿಲ್ಟ್ ಇನ್ 1112" ಎಂಬುದರಲ್ಲಿ "ಬಿಲ್ಟ್ ಇನ್ 1112" ಉಳಿಯುತ್ತದೆ, ಫ್ರೇಸ್ ತಾನೇ ತಯಾರಾಯಿತು. "ವಾಸ್" ಇಲ್ಲದ ವಾಕ್ಯವಾದರೆ ಕರ್ತೃ ತೆಗೆದು ಕ್ರಿಯಾಪದಕ್ಕೆ ಇಂಗ್ ಸೇರಿಸಬೇಕು. ಆಮೇಲೆ ಚೀಟಿಯನ್ನು ಮುಖ್ಯ ವಾಕ್ಯದ ಮುಂದೆ, ನಡುವೆ, ಹಿಂದೆ ಇಟ್ಟು ಮೂರು ಸಲ ಓದಿಸಿ.

ಒಂದು ಮುಖ್ಯ ವಾಕ್ಯಕ್ಕೆ ಒಂದೇ ಚೀಟಿ, ಹೆಚ್ಚೆಂದರೆ ಎರಡು. ಹತ್ತು ವಾಕ್ಯದ ಪ್ಯಾರಾದಲ್ಲಿ ಎರಡು ಮೂರು ಕಡೆ ಇದ್ದರೆ ಸಾಕು. ಪ್ರತಿ ವಾಕ್ಯವೂ ಇಂಗ್‌ನಿಂದ ಶುರುವಾದರೆ ಮೊದಲಿನ ಸಣ್ಣ ವಾಕ್ಯಗಳಷ್ಟೇ ಏಕತಾನ. ಮತ್ತೆ, ಪ್ಯಾರಾದ ಮುಖ್ಯ ವಿಷಯವನ್ನು ಫ್ರೇಸಿನೊಳಗೆ ತುರುಕಬಾರದು. ಗೇಟು ಕೊಚ್ಚಿಹೋದದ್ದೇ ಸುದ್ದಿಯಾಗಿದ್ದರೆ ಅದು ಪೂರ್ಣ ಕ್ರಿಯಾಪದದಲ್ಲಿರಲಿ; 1953ರಲ್ಲಿ ಪೂರ್ಣಗೊಂಡದ್ದು, 33 ಗೇಟುಗಳಿರುವುದು ಫ್ರೇಸಿಗೆ ಹೋಗಲಿ.

ಕನ್ಸಿಡರಿಂಗ್, ಜಡ್ಜಿಂಗ್ ಬೈ, ಡಿಪೆಂಡಿಂಗ್ ಆನ್, ಗಿವನ್: ಇವು ಬಳಕೆಯಲ್ಲಿ ಸವೆದು ಪ್ರಿಪೊಸಿಷನ್ ಥರ ಆಗಿಬಿಟ್ಟಿವೆ. "ಕನ್ಸಿಡರಿಂಗ್ ದ ಹೀಟ್, ದ ಮ್ಯಾಚ್ ವಾಸ್ ಪೋಸ್ಟ್‌ಪೋನ್ಡ್" ತಪ್ಪಲ್ಲ. ಇವಕ್ಕೆ "ಯಾರು?" ಪ್ರಶ್ನೆ ಕೇಳಬೇಡಿ, ಮಕ್ಕಳಿಗೆ ಗೊಂದಲ ಆಗುತ್ತದೆ.


ಸಿಂಧನೂರು ಸೀಮೆ

ಎಲ್ಲರಿಗೂ ತುಂಬಾ ಧನ್ಯವಾದ. ಚೀಟಿ ವಿಧಾನದಲ್ಲಿ ಇಟಗಿ ಪ್ಯಾರಾವನ್ನು ಹೀಗೆ ತಿದ್ದಿದ್ದೇನೆ, ಬೋರ್ಡಿಗೆ ಹಾಕುವ ಮೊದಲು ಒಮ್ಮೆ ನೋಡಿ:

ಬಿಲ್ಟ್ ಇನ್ 1112 ಬೈ ಮಹಾದೇವ, ಎ ಕಮಾಂಡರ್ ಆಫ್ ವಿಕ್ರಮಾದಿತ್ಯ ದ ಸಿಕ್ಸ್ತ್, ದ ಟೆಂಪಲ್ ಅಟ್ ಇಟಗಿ ಈಸ್ ಡೆಡಿಕೇಟೆಡ್ ಟು ಶಿವ. ಆನ್ ಇನ್‌ಸ್ಕ್ರಿಪ್ಷನ್ ಕಾಲ್ಸ್ ಇಟ್ ದ ಎಂಪರರ್ ಅಮಾಂಗ್ ಟೆಂಪಲ್ಸ್. ಕಾರ್ವ್ಡ್ ಫ್ರಮ್ ಸೋಪ್‌ಸ್ಟೋನ್, ವಿಸಿಟರ್ಸ್ ಅಡ್ಮೈರ್ ಇಟ್ಸ್ ಪಿಲ್ಲರ್ಸ್.


ಗವಿಮಠ ರಸ್ತೆ, ಕೊಪ್ಪಳ

ಮೊದಲ ವಾಕ್ಯ ಬಹಳ ಚೆನ್ನಾಗಿದೆ. ಎರಡನೆಯದನ್ನು ಹಾಗೇ ಗಿಡ್ಡವಾಗಿ ಬಿಟ್ಟದ್ದೂ ಸರಿ, ಉದ್ದದ ಪಕ್ಕದಲ್ಲಿ ಅದಕ್ಕೆ ತೂಕ ಬರುತ್ತದೆ. ಮೂರನೆಯದಕ್ಕೆ ಬಾಣ ಎಳೆಯಿರಿ: ಕಾಮಾ ಆದ ಮೇಲೆ "ವಿಸಿಟರ್ಸ್" ಇದೆ. ಬಳಪದ ಕಲ್ಲಿನಲ್ಲಿ ಕೆತ್ತಿದ್ದು ಯಾವುದು? ಕಂಬಗಳು. "ಕಾರ್ವ್ಡ್ ಫ್ರಮ್ ಸೋಪ್‌ಸ್ಟೋನ್, ಇಟ್ಸ್ ಪಿಲ್ಲರ್ಸ್ ಆರ್ ಅಡ್ಮೈರ್ಡ್ ಬೈ ವಿಸಿಟರ್ಸ್" ಎಂದು ತಿರುಗಿಸಬಹುದು. ಪ್ಯಾಸಿವ್ ಬೇಡವೆನಿಸಿದರೆ ಫ್ರೇಸನ್ನೇ ಸರಿಸಿ: ವಿಸಿಟರ್ಸ್ ಅಡ್ಮೈರ್ ಇಟ್ಸ್ ಪಿಲ್ಲರ್ಸ್, ಕಾರ್ವ್ಡ್ ಫ್ರಮ್ ಸೋಪ್‌ಸ್ಟೋನ್. ನನಗೆ ಎರಡನೆಯದು ಹಿಡಿಸಿತು. ನೀವು ಬರೆದ ತಪ್ಪು ವಾಕ್ಯವನ್ನೂ ಬೋರ್ಡಿನ ಮೇಲೆ ಹಾಕಿ, ಬಾಣವನ್ನು ಮಕ್ಕಳೇ ಎಳೆಯಲಿ.